ಹೊಸ ಕಿವಿಗೆ ಬಾಕಿ ಉಳಿದ ಶಾಸ್ತ್ರ

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನಾನು ಅಕ್ಕಿಆಲೂರಿನ ಅಕ್ಕನ ಮನೆಗೆ ಕಾಲಿಟ್ಟಾಗ ಅಕ್ಕಸಾಲಿ ಪತ್ತಾರರ ಸೂಜಿ ಅವಳ ಮಗಳ ಎಡಗಿವಿಯೊಳಗೆ ಇಳಿದಾಗಿತ್ತು.

ಆ ಕಿವಿಗೆ ಎರಡು ತಿಂಗಳೂ ತುಂಬಿರಲಿಲ್ಲ. ಹುಡುಗಿಗೆ ಹತ್ತು ವರ್ಷ. ಹುಟ್ಟಿದಾಗ ಆ ಜಾಗದಲ್ಲಿ ಶೇಂಗಾಕಾಳಿನಂಥದೊಂದು ಮಾಂಸದ ಗಂಟು ಮಾತ್ರ ಇತ್ತು. ಹುಬ್ಬಳ್ಳಿಯ ಡಾಕ್ಟರಮ್ಮ ಮೂರು ದಾರಿ ಹೇಳಿದ್ದರು: ಮಗುವಿನದೇ ಪಕ್ಕೆಲುಬಿನ ಮೃದು ಎಲುಬಿನಿಂದ ಕೆತ್ತಿ ಕೂರಿಸುವುದು, ಪ್ಲಾಸ್ಟಿಕ್ಕಿನಂಥ ಚೌಕಟ್ಟು ಇಡುವುದು, ಇಲ್ಲವೇ ಬೇಕಾದಾಗ ಅಂಟಿಸಿ ತೆಗೆಯುವ ಸಿಲಿಕಾನ್ ಕಿವಿ. ಯಾವುದರಿಂದಲೂ ಆ ಕಡೆ ಕೇಳಿಸುವುದಿಲ್ಲ, ಅದಕ್ಕೆ ಬೇರೆ ಯಂತ್ರ ಬೇಕು ಎಂದೂ ಹೇಳಿದ್ದರು.

ಅಕ್ಕನ ಅತ್ತೆ ಸಿಲಿಕಾನನ್ನು ಅಲ್ಲೇ ತಳ್ಳಿಹಾಕಿದ್ದರು. “ನಮ್ಮನಿ ಯಜಮಾನ್ರು ಹಲ್ಲಿನ ಸೆಟ್ ಎಲ್ಲಿಟ್ಟೇನಿ ಅಂತ ದಿನಾ ಹುಡುಕ್ತಾರ. ಇನ್ನ ಕಿವಿ ಬ್ಯಾರೆ ಹುಡುಕೂದೇನು?” ಕೇಳಿಸದ ವಿಷಯಕ್ಕೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. “ಈ ಮನ್ಯಾಗ ಎರಡು ಕಿವಿ ಇದ್ದೋರೂ ನನ್ನ ಮಾತು ಕೇಳಂಗಿಲ್ಲ.”

ಪಕ್ಕೆಲುಬು ಗೆದ್ದಿತು. ಆದರೆ ಹುಡುಗಿ ಕೂಸಾಗಿದ್ದಾಗ ಬಲಗಿವಿಯೊಂದನ್ನೇ ಚುಚ್ಚಿಸಿದ್ದರು. ಹೊಸ ಕಿವಿ ಬಂದದ್ದೇ ಅತ್ತೆಯವರಿಗೆ ಅರ್ಧಕ್ಕೆ ನಿಂತ ಶಾಸ್ತ್ರ ನೆನಪಾಯಿತು. ಚುಚ್ಚುವಾಗ ಮಗು ಸೋದರಮಾವನ, ಅಂದರೆ ನನ್ನ, ತೊಡೆಯ ಮೇಲಿರಬೇಕು. ನಾನು ಫೋನಿನಲ್ಲಿ ಡಾಕ್ಟರಮ್ಮನ ಎಚ್ಚರಿಕೆ ಹೇಳಿ, ಕಿವಿ ಮುಟ್ಟಬೇಡಿ ಎಂದಿದ್ದೆ. ಅದಕ್ಕೆ ಅತ್ತೆಯವರು ಹೇಳಿದ ಮಾತು ಕೇಳುವ ಇನ್ನೊಬ್ಬ ಮಾಮನನ್ನು ಹಿರೇಕೆರೂರಿನಿಂದ ತರಿಸಿದ್ದರು. ವಿಷಯ ತಿಳಿದ ಅಕ್ಕ ನನಗೆ ಫೋನ್ ಮಾಡಿದ್ದಳು. ನನ್ನ ಬಸ್ಸು ತಡವಾಯಿತು.

“ಅಕಿ ಅಳಲಿಲ್ಲ ನೋಡ್ರಿ, ಎಷ್ಟ್ ಗಟ್ಟಿ ಹುಡುಗಿ,” ಎಂದು ಆ ಮಾಮ ಹಿಗ್ಗಿದ. ಎಲ್ಲರೂ ತಲೆದೂಗಿ ಉಂಡಿ ತಿಂದರು. ಆ ಚರ್ಮಕ್ಕೆ ಇನ್ನೂ ಸ್ಪರ್ಶಜ್ಞಾನವೇ ಬಂದಿರಲಿಲ್ಲ. ಸೂಜಿ ಹೊಕ್ಕರೂ ಸುಮ್ಮನೆ ನನ್ನತ್ತ ನೋಡುತ್ತಿದ್ದ ಆ ಮುಖ ಈಗಲೂ ನನ್ನ ಕಣ್ಣೆದುರು ಬರುತ್ತದೆ.

ತೂತಿಗೆ ಹಾಕಿದ್ದ ತಂತಿಯನ್ನು ಅಂದೇ ತೆಗೆಸಿದೆವು. ಆದರೂ ಎರಡು ದಿನದೊಳಗೆ ಕಿವಿ ಕೆಂಪಗೆ ಊದಿತು, ಜ್ವರ ಬಂತು. ಅತ್ತೆಯವರು ಅರಿಶಿಣ ಎಣ್ಣೆ ಹಚ್ಚಿ, “ಹಸಿ ಐತಿ, ಆರತೈತಿ” ಎಂದರು. ನಾವು ಹುಬ್ಬಳ್ಳಿಗೆ ಹೊರಟಾಗ ಅವರೂ ಕಾರು ಹತ್ತಿದರು.

“ಯಾರ್ರಿ ಇದನ್ನ ಚುಚ್ಚಿದೋರು?” ಡಾಕ್ಟರಮ್ಮ ಕೇಳಿದರು.

“ಪತ್ತಾರ್ರು. ನಾವಲ್ರಿ,” ಎಂದರು ಅತ್ತೆ.

ಕೀವು ಒಳಗಿನ ಎಲುಬಿನ ಚೌಕಟ್ಟಿಗೆ ತಾಗಿದರೆ ಅದನ್ನು ಪೂರ್ತಿ ತೆಗೆಯಬೇಕಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಅಕ್ಕ ಗೋಡೆಗೆ ಒರಗಿ ಕುಳಿತುಬಿಟ್ಟಳು. ಹುಡುಗಿ ನನ್ನ ಅಂಗಿ ಜಗ್ಗಿ, ಗಾಯವಿಲ್ಲದ ಕಡೆಯ ಪಕ್ಕೆಲುಬಿನ ಮೇಲೆ ಕೈಯಿಟ್ಟು ಪಿಸುಗುಟ್ಟಿದಳು. “ಮಾಮಾ, ಇದು ಹೋದ್ರ ಈ ಕಡೆ ಪಕ್ಕಡಿನೂ ತಗೀತಾರೇನು?”



ಗಾಯ ತೊಳೆದರು, ಸಲೈನಿನಲ್ಲಿ ಔಷಧಿ ಏರಿಸಿದರು. ಮಗಳು ಮಗ್ಗಲು ಬದಲಿಸಿದಾಗಲೆಲ್ಲ ಅಕ್ಕ ಎದ್ದು ಕೂರುತ್ತಿದ್ದಳು. ನೋಡಲು ಬಂದ ನೆಂಟರು ಬಾಳೆಹಣ್ಣಿಟ್ಟು, ಬಗ್ಗಿ ಕಿವಿ ನೋಡಿ, “ಗ್ಯಾರಂಟಿ ಎಷ್ಟ್ ವರ್ಷದ್ದಂತ?” ಎಂದು ಕೇಳಿ ಹೋದರು.

ಕಡೆಗೊಂದು ದಿನ ಡಾಕ್ಟರಮ್ಮ ಪಟ್ಟಿ ಬಿಚ್ಚಿ, ಬೆರಳಿನಿಂದ ಮೆಲ್ಲಗೆ ಒತ್ತಿ, “ಚೌಕಟ್ಟು ಉಳೀತು” ಎಂದರು. ಅತ್ತೆ ಕೈ ಮುಗಿದರು. “ನಮ್ಮ ಪತ್ತಾರ್ರ ಕೈಗುಣ ಚಲೋ ಐತ್ರಿ.” ಡಾಕ್ಟರಮ್ಮ ಪೆನ್ನು ಮುಚ್ಚಿ ಹೊರನಡೆದರು.

ಮನೆಗೆ ಬಂದ ಸೋಮವಾರ ರಾತ್ರಿ ಹುಡುಗಿ ಕೇಳಿಸುವ ಬಲಗಿವಿಯನ್ನು ದಿಂಬಿಗೆ ಒತ್ತಿ, ಅಜ್ಜಿಯ ಮಾತು ಇನ್ನೂ ಮುಗಿಯದಿರುವಾಗಲೇ ಕಣ್ಣು ಮುಚ್ಚಿದಳು. ಪಕ್ಕದಲ್ಲೇ ಅಕ್ಕನೂ ಉರುಳಿದಳು. ಬೆಳಕು ಹರಿದು ಹಾಲಿನವನು ಎರಡು ಸಲ ಕೂಗಿದರೂ ಇಬ್ಬರಲ್ಲಿ ಒಬ್ಬರೂ ಏಳಲಿಲ್ಲ. ಪಾತ್ರೆ ಹಿಡಿದು ನಾನೇ ಹೋದೆ.