ನರ್ಸಮ್ಮನ ಸೌಟು

ಕ್ಯಾಥೊಲಿಕ್ ಚರ್ಚಿನವರೂ ಪೆಂತೆಕೋಸ್ತ್ ಚರ್ಚಿನವರೂ ಸೇರಿ ಬುಧವಾರದ ಉಚಿತ ಊಟ ಶುರು ಮಾಡಿದಾಗ ಬಡಿಸುವ ಕೆಲಸ ನರ್ಸಮ್ಮನಿಗೆ ಬಂತು. ಆಸ್ಪತ್ರೆಯಿಂದ ನಿವೃತ್ತಳಾಗಿದ್ದ ಆಕೆ ಕ್ಯಾಥೊಲಿಕ್, ಬಲು ಅಚ್ಚುಕಟ್ಟಿನ ಹೆಂಗಸು. ಕೈ ಮಾತ್ರ ಎಲ್ಲರಿಗೂ ಒಂದೇ ಆಗಿರಲಿಲ್ಲ. ತನ್ನ ಚರ್ಚಿನವರು ಬಂದರೆ ಸೌಟು ಸೂಪಿನ ಹಂಡೆಯ ತಳಕ್ಕೆ ಹೋಗಿ ತರಕಾರಿ, ಮಾಂಸ ತುಂಬಿಕೊಂಡು ಬರುತ್ತಿತ್ತು. ಪೆಂತೆಕೋಸ್ತಿನ ಹೆಂಗಸರು ಒಡವೆ ಹಾಕುವುದಿಲ್ಲ. ನರ್ಸಮ್ಮ ಮುಖ ನೋಡುತ್ತಿರಲಿಲ್ಲ, ಬೋಳು ಕಿವಿ ಕಂಡರೆ ಮೇಲಿನ ತಿಳಿ ಸೂಪು.

ಒಂದು ಬುಧವಾರ ಬೋಳು ಕಿವಿಯ ಮುದುಕಿಯೊಬ್ಬಳು ಬಟ್ಟಲು ನೋಡಿ ಅಲ್ಲೇ ನಿಂತುಬಿಟ್ಟಳು.

“ನರ್ಸಮ್ಮ, ನಾನು ನಿಮ್ಮ ಚರ್ಚಿನವಳೇ. ಕಣ್ಣಿನ ಆಪರೇಷನ್ನಿಗೆ ಅಂತ ಓಲೆ ಬಿಚ್ಚಿಟ್ಟಿದ್ದೀನಿ.”

ಸಾಲಿನವರೆಲ್ಲ ಇತ್ತ ತಿರುಗಿದರು. ನರ್ಸಮ್ಮನ ಮುಖ ಕಪ್ಪಿಟ್ಟಿತು. ಮುದುಕಿಯ ಹಿಂದಿದ್ದ ಪೆಂತೆಕೋಸ್ತಿನ ದರ್ಜಿ ಹೆಂಗಸು ಬಟ್ಟಲು ಚಾಚಿದಳು.

“ನಮಗೆ ತಿಳಿನೇ ಅಭ್ಯಾಸ ಆಗಿದೆ, ಹಾಕಿ ಅಕ್ಕ. ಗಂಟಲಿಗೆ ಸಲೀಸು.”

ಯಾರೋ ಕಿಸಕ್ಕೆಂದರು. ನರ್ಸಮ್ಮ ತಳ ಕಲಕಿ ಕಲಕಿ ಬಡಿಸಿದಳು. ಕೊನೆಯ ಬಟ್ಟಲಿನವರೆಗೂ ತಲೆ ಎತ್ತಲಿಲ್ಲ.

ಮುಂದಿನ ವಾರ ಆಕೆ ಬಂದವಳೇ ಪಾತ್ರೆ ತೊಳೆಯಲು ಕೂತಳು. ದರ್ಜಿ ಸೌಟು ತಂದು ಎದುರಿಗೆ ಹಿಡಿದಳು.

“ಬೇಡಮ್ಮ, ನೀನೇ ಬಡಿಸು.”

“ನಾನು ಬಡಿಸಿದ್ರೆ ನಮ್ಮೋರಿಗೆ ತಳದ್ದು ಹೋಗುತ್ತೆ ಅಕ್ಕ. ನನ್ನ ಕೈ ಏನು ಬೇರೆ ಅಂದ್ಕೊಂಡ್ರಾ? ಹಿಡ್ಕೊಳ್ಳಿ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನರ್ಸಮ್ಮ ಒದ್ದೆ ಕೈ ಒರೆಸಿಕೊಂಡು, ಎಲ್ಲವನ್ನೂ ಕಂಡಿದ್ದ ಆ ಸಾಲಿನ ಎದುರಿಗೇ ಹೋಗಿ ನಿಂತಳು.