ಎಡಗಡೆಯ ನಟ್ಟು

ನಡೆದದ್ದು ಹೌದು. ಹೇಗೆ ನಡೆಯಿತು ಎಂದು ಮಾತ್ರ ಕೇಳಬೇಡಿ.

ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದು, ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ಹುಡುಗರಿಗೆ ಬಲ, ಭಾರ, ಘರ್ಷಣೆ ಕಲಿಸುತ್ತಿದ್ದವನು. ದೆವ್ವದ ಅನುಭವ ಹೇಳಿಕೊಂಡು ಬಂದವರನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದೆ. ಆಗ ಗಂಟೆ ಎಷ್ಟು? ಬೆಳಕು ಎಲ್ಲಿಂದ? ಇನ್ನು ಯಾರಿದ್ದರು? ನಾಲ್ಕನೇ ಪ್ರಶ್ನೆಗೆ ಅವರ ಬಾಯಿ ಮುಚ್ಚುತ್ತಿತ್ತು. ಅದೇ ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಳ್ಳುತ್ತಾ ಎಷ್ಟೋ ವರ್ಷವಾಯಿತು. ಉತ್ತರಗಳು ಇವೆ. ಎರಡೆರಡು ಇವೆ. ಅದೇ ತೊಂದರೆ.

ನನ್ನ ಅಕ್ಕ ಗಿರಿಜಾಳ ಮನೆ ಕೊಟ್ಟೂರಿನಲ್ಲಿ. ಅವಳ ಗಂಡ ಕೊಟ್ರೇಶ ಮಾಮ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಿದ್ದರು. ಮನೆಯ ಹಿಂದಿನ ತಗಡಿನ ಶೆಡ್ಡೇ ಅವರ ವರ್ಕ್‌ಶಾಪು. ಒಳಗೆ ಕಾಲಿಟ್ಟರೆ ತಾಮ್ರದ ತಂತಿಗೆ ಹೊಯ್ಯುವ ವಾರ್ನಿಶ್ಶಿನ ಘಾಟು ಮೂಗಿಗೆ ಬಡಿಯುತ್ತಿತ್ತು.

ಅವರ ಹತ್ತಿರ ಒಂದು ಹಳೆಯ ಸ್ಪೋರ್ಟ್ಸ್ ಬೈಕಿತ್ತು. ಎರಡು ಸಿಲಿಂಡರಿನದು. ಹರಪನಹಳ್ಳಿಯಲ್ಲಿ ಯಾರದೋ ಹಿತ್ತಿಲಲ್ಲಿ ಕೋಳಿಗಳು ಕೂರುತ್ತಿದ್ದ ಗಾಡಿಯನ್ನು ತಂದು, ಒಂದೊಂದೇ ಭಾಗ ಹುಡುಕಿ ಜೀವ ಕೊಟ್ಟಿದ್ದರು. ಕೊನೆಗೆ ಉಳಿದದ್ದು ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳು. ಎರಡೂ ಎಣ್ಣೆ ಕಾರಿ ಸತ್ತಿದ್ದವು. ಗುಂಡಿಗೆ ಬಿದ್ದರೆ ಬೆನ್ನುಮೂಳೆಗೇ ಏಟು.

ಒಂದು ಶನಿವಾರ ಸಂಜೆ ನಾನೇ ಹೊಸ ಶಾಕುಗಳನ್ನು ಹಾಕಲು ಕೂತೆ. ಒಂದು ಕೈಯಲ್ಲಿ ನಟ್ಟು ತಿರುವುವ ಪಾನ, ಇನ್ನೊಂದರಲ್ಲಿ ಆ ಬೈಕಿನ ರಿಪೇರಿ ಪುಸ್ತಕದ ಜೆರಾಕ್ಸ್ ಪ್ರತಿ. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿ, ಮೇಲಿನ ನಟ್ಟುಗಳನ್ನು ಪೂರ್ತಿ ಬಿಗಿ ಮಾಡಿ, ಕೆಳಗಿನವನ್ನು ಬೆರಳಲ್ಲೇ ತಿರುವಿ ಬಿಟ್ಟೆ. ಮಾಮ ನಕ್ಕರು.

"ಏನಲೇ ಎಮ್ಮೆಸ್ಸಿ, ಮೊದ್ಲು ನಿಶ್ಚಿತಾರ್ಥ, ಆಮ್ಯಾಲೆ ಲಗ್ನ ಏನು ನಟ್ಟಿಗೆ? ಒಮ್ಮಿಗೇ ಬಿಗಿ ಮಾಡಿ ಏಳಲೇ."

"ಹಂಗಲ್ಲ ಮಾಮ. ಗಾಲಿ ಗಾಳ್ಯಾಗ ಇದ್ದಾಗ ಬಿಗಿ ಮಾಡಿದ್ರ, ಆಮ್ಯಾಲೆ ಭಾರ ಬಿದ್ದಾಗ ಒಳಗಿನ ರಬ್ಬರ್ ಬುಷ್ ತಿರುಚ್ಕೊಂಡು ಹರೀತೈತ್ರಿ. ಸ್ಟ್ಯಾಂಡಿಂದ ಇಳಿಸಿ, ಗಾಡಿ ತನ್ನ ಭಾರ ತಾನು ಹೊತ್ತ ಮ್ಯಾಲೆ ಕೊನೇ ಬಿಗಿ ಕೊಡಬೇಕು."

"ಪುಸ್ತಕ ಓದಿ ಪಾನ ಹಿಡಿಯವನ್ನ ಇವತ್ತೇ ನೋಡಿದೆ. ಆತು, ನಿನ್ನ ಶಾಸ್ತ್ರ ನೀ ಮಾಡು."

ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಕೂಗಿದಳು. "ರೊಟ್ಟಿ ಆರ್ತಾವು, ಬರ್ರಿ ಇಬ್ರೂ!"

ಇಲ್ಲಿಂದ ಮುಂದೆ... ನನ್ನ ತಲೆಯಲ್ಲಿ ಒಂದು ತೂತು. ಎಡಗಡೆಯ ನಟ್ಟನ್ನು ಬೆರಳಲ್ಲಿ ತಿರುವಿದ್ದು ನೆನಪಿದೆ. ಬಿಸಿ ರೊಟ್ಟಿಯ ಮೇಲೆ ಅಕ್ಕ ಬೆಣ್ಣೆ ಹಾಕಿದ್ದು ನೆನಪಿದೆ. ನಡುವೆ ಗಾಡಿ ಸ್ಟ್ಯಾಂಡಿನಿಂದ ಇಳಿಯಿತೆ? ಪಾನ ಹಿಡಿದು ಕೊನೆಯ ಬಿಗಿ ಕೊಟ್ಟೆನೆ? ಗೊತ್ತಿಲ್ಲ. ಮರುದಿನ ಬೆಳಿಗ್ಗೆ, ಗಾಡಿ ಸೈಡ್ ಸ್ಟ್ಯಾಂಡಿನ ಮೇಲಿದೆಯೇ ಎಂದು ನೋಡಲು ಗಾಡಿಯೇ ಇರಲಿಲ್ಲ. ಮಾಮ ನಸುಕಿನಲ್ಲೇ ಗುಡೇಕೋಟೆ ಕಡೆ ಯಾರದೋ ಬೋರಿನ ಮೋಟರು ಎತ್ತಿಸಲು ಹೊರಟುಹೋಗಿದ್ದರು. ಹಾಸಿಗೆಯಲ್ಲೇ ಮಲಗಿ ಎಂಜಿನ್ನಿನ ಸದ್ದು ಕೇಳಿದೆ. ಹೊದಿಕೆ ಎಳೆದುಕೊಂಡೆ.

ಕೂಡ್ಲಿಗಿ ದಾಟಿ ಸ್ವಲ್ಪ ದೂರ, ರಸ್ತೆ ತಿರುಗುವಲ್ಲಿ ಒಂದು ಮೋರಿ. ಅಲ್ಲಿ ಬಿದ್ದಿದ್ದರು. ಆಸ್ಪತ್ರೆಗೆ ಒಯ್ಯುವ ಪ್ರಶ್ನೆ ಇರಲಿಲ್ಲ.

ಗಾಡಿಯ ಎಡಗಡೆಯ ಶಾಕ್ ಕೆಳಗಡೆ ಕಳಚಿ ಜೋತಾಡುತ್ತಿತ್ತು. ನಟ್ಟು ಇರಲಿಲ್ಲ. ಪಂಚನಾಮೆ ಬರೆದವರು, "ಬಿದ್ದ ರಭಸಕ್ಕ ಹಾರಿರ್ಬೇಕು ಬಿಡ್ರಿ," ಎಂದರು. ಇರಬಹುದು. ಅದು ಸಾಧ್ಯ. ಕಳಚಿದ್ದಕ್ಕೇ ಬಿದ್ದಿರುವುದೂ ಅಷ್ಟೇ ಸಾಧ್ಯ.

ಮೂರನೇ ದಿನ ಅಕ್ಕ ನನ್ನನ್ನು ಒಳಗೆ ಕರೆದಳು. ಅಳುತ್ತಿರಲಿಲ್ಲ.

"ಶಿವು, ಆ ನಟ್ಟು ಬಿಗಿ ಮಾಡಿದ್ದೇನು?"

"ಮಾಡಿದ್ದೆ ಅಕ್ಕಾ."

ಅದು ಸುಳ್ಳೋ ನಿಜವೋ ಹೇಳಿದ ನನಗೇ ತಿಳಿದಿರಲಿಲ್ಲ. ಅವಳು ತಲೆಯಾಡಿಸಿದಳು. ಒಪ್ಪಿದಳೆಂದು ನಾನು ತಿಳಿದುಕೊಂಡೆ.

ವರ್ಷ ಕಳೆಯಿತು. ಮಾಮನ ತಮ್ಮ ಬಸವರಾಜ, ಅಣ್ಣನ ಗಾಡಿ ತಾನೇ ಓಡಿಸುತ್ತೇನೆಂದು ಹಟ ಹಿಡಿದ. ಕೂಡ್ಲಿಗಿಯ ಮೆಕ್ಯಾನಿಕ್ ಒಬ್ಬ ಮುಂದಿನ ಫೋರ್ಕು, ಹ್ಯಾಂಡಲ್ಲು ಎಲ್ಲ ಸರಿಮಾಡಿಕೊಟ್ಟ. ಹಿಂದಿನ ಶಾಕುಗಳು ದಾವಣಗೆರೆಯಲ್ಲಿ ಸಿಕ್ಕವು. ಅವನ್ನೂ ಅದೇ ಮೆಕ್ಯಾನಿಕ್ ಹಾಕಬೇಕಿತ್ತು. ಅಕ್ಕ ಬಿಡಲಿಲ್ಲ.

"ಅತ್ತಿಗಿ, ಅವ ಅರ್ಧ ತಾಸಿನ್ಯಾಗ ಹಾಕ್ತಾನ್ರಿ," ಎಂದ ಬಸವರಾಜ.

"ಬ್ಯಾಡ. ಹಿಂದಿಂದು ಶಿವುನೇ ಹಾಕ್ತಾನ."

ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಅದು ಕ್ಷಮೆಯೋ, ಶಿಕ್ಷೆಯೋ... ಒಡಹುಟ್ಟಿದವಳ ಮಾತು ಅರ್ಥವಾಗದೆ ಹೋಗುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಕಾಲೇಜು ಮುಗಿಸಿ ಬಸ್ಸಿಳಿದು ನಾನು ಕೊಟ್ಟೂರು ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಬಸವರಾಜ ಕೆಲಸದ ಮೇಲೆ ಹಂಪಸಾಗರಕ್ಕೆ ಹೋಗಿದ್ದ. ಬೆಳಗಿನ ಮೊದಲ ಬಸ್ಸಿಗೆ ಬಂದು, ಅದೇ ಗಾಡಿಯಲ್ಲಿ ಹಡಗಲಿಗೆ ಹೊರಡುವವನು. ಮನೆಯಲ್ಲಿ ಅಕ್ಕ ಒಬ್ಬಳೇ.

ಶೆಡ್ಡಿನಲ್ಲಿ ವರ್ಷದಿಂದ ಯಾರೂ ಮೋಟರು ಬಿಚ್ಚಿರಲಿಲ್ಲ. ಧೂಳು, ಇಲಿಯ ವಾಸನೆ, ಒಂದು ಮಂಕು ಬಲ್ಬು. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿದೆ. ಬಲಗಡೆಯ ಶಾಕ್ ಹಾಕಿದೆ, ಎಡಗಡೆಯದು ಹಾಕಿದೆ. ಮೇಲಿನ ನಟ್ಟುಗಳು ಬಿಗಿ. ಕೆಳಗಿನ ಎರಡೂ ಬೆರಳಿನ ಬಿಗಿ. ಈ ಸಲ ಮರೆಯಬಾರದೆಂದು ಬಾಯಿಬಿಟ್ಟು ಹೇಳಿಕೊಂಡೆ: "ಇನ್ನೂ ಬಿಗಿ ಮಾಡಿಲ್ಲ. ಇಳಿಸಬೇಕು. ಆಮೇಲೆ ಬಿಗಿ."

ಆಗ ಕರೆಂಟು ಹೋಯಿತು.

ಹೊರಗೆ ಬಂದು ಬಾಗಿಲಿನ ಚಿಲಕ ಹಾಕಿ, ಗೋಡೆ ಹಿಡಿದು ಅಡುಗೆಮನೆಗೆ ನಡೆದೆ. ಪಾನ ನನ್ನ ಕೈಯಲ್ಲೇ ಇತ್ತು. ತಣ್ಣನೆಯ ಕಬ್ಬಿಣ ಅಂಗೈಗೆ ಒತ್ತುತ್ತಿದ್ದದ್ದು ಈಗಲೂ ನೆನಪಿದೆ. ಇದನ್ನು ನೆನಪಿಟ್ಟುಕೊಳ್ಳಿ ಎಂದು ಓದುವವರಿಗೆ ಹೇಳಬಹುದಿತ್ತು. ಆದರೆ ನೆನಪಿನ ಬಗ್ಗೆ ಮಾತಾಡುವ ಅರ್ಹತೆ ನನಗಿಲ್ಲ.

ಅಕ್ಕ ಕತ್ತಲಲ್ಲಿ ಕಂದೀಲು ಹುಡುಕುತ್ತಿದ್ದಳು.

"ಆತೇನು?"

"ಇಲ್ಲಕ್ಕಾ. ಇನ್ನೂ ಐತಿ."

ಬೆಂಕಿಪೊಟ್ಟಣ ಸಿಕ್ಕಿತು. ಅವಳು ಕಡ್ಡಿ ಗೀರಲಿಲ್ಲ. ಕತ್ತಲಲ್ಲೇ ನಿಂತು ಕೇಳಿದಳು.

"ಅವತ್ತು ನಾ ಊಟಕ್ಕ ಕರೀದೇ ಇದ್ದಿದ್ರ, ಶಿವು?"

ಒಂದು ವರ್ಷ ಅವಳೂ ಅದೇ ತೂತನ್ನು ನೋಡುತ್ತಾ ಕೂತಿದ್ದಳು. ನನ್ನ ಪಾಲಿನ ಪಾಪವನ್ನು ತಾನು ಹೊತ್ತುಕೊಂಡು.

"ಅಕ್ಕಾ, ನಾ ಬಿಗಿ ಮಾಡಿದ್ದೆ ಅಂತ ಹೇಳೀನಲ್ಲ..."

ಅವಳು ಕಡ್ಡಿ ಗೀರಿದಳು.

ಆಗಲೇ ಹಿಂದಿನ ಶೆಡ್ಡಿನಿಂದ ಸದ್ದು ಬಂತು. 'ಧಡ್'. ಭಾರದ ಗಾಡಿ ಡಬಲ್ ಸ್ಟ್ಯಾಂಡಿನಿಂದ ಮುಂದಕ್ಕೆ ಜಾರಿ ನೆಲಕ್ಕೆ ಇಳಿಯುವ ಸದ್ದು. ಅದರ ಬೆನ್ನಿಗೇ ಹೊಸ ಸ್ಪ್ರಿಂಗುಗಳು ಭಾರ ಹೊತ್ತು ನಿಟ್ಟುಸಿರು ಬಿಟ್ಟ ಹಾಗೆ...

ಮತ್ತೆ ನಿಶ್ಶಬ್ದ.

ಕಿರ್...

ಕಿರ್...

ಕಿರ್ರ್.

ನಟ್ಟು ವಾಷರಿಗೆ ಕಚ್ಚಿಕೊಳ್ಳುವ ಸದ್ದು ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಕಿಲ್ಲ. ಯಾರೋ ಅವಸರವಿಲ್ಲದೆ, ಪೂರ್ತಿ ಬಲ ಹಾಕಿ ಕೊನೆಯ ಬಿಗಿ ಕೊಡುತ್ತಿದ್ದರು.

ಅಕ್ಕನ ಕೈಯಲ್ಲಿ ಕಡ್ಡಿ ಬೆರಳಿನವರೆಗೆ ಉರಿದು ಆರಿತು. ಅವಳು ಕೈ ಕೊಡವಲಿಲ್ಲ. ಎರಡನೇ ಕಡ್ಡಿಗೆ ಕಂದೀಲು ಹಚ್ಚಿ ನನ್ನ ಕೈಗಿಟ್ಟಳು.

ಚಿಲಕ ನಾನು ಹಾಕಿದಂತೆಯೇ ಇತ್ತು. ತೆರೆದೆ.

ಮೊದಲು ಬಂದದ್ದು ವಾಸನೆ. ವಾರ್ನಿಶ್ಶು. ಹಳೆಯದಲ್ಲ, ಈಗ ತಾನೇ ಹೊಯ್ದ ವಾರ್ನಿಶ್ಶಿನ ಬೆಚ್ಚನೆಯ ಘಾಟು. ಹಗಲೆಲ್ಲ ಕಾದ ತಗಡು ಹಳೆಯ ವಾಸನೆಯನ್ನು ಹೊರಗೆ ಬಿಡುತ್ತದೆ ಎಂದು ಹೇಳಿಕೊಂಡೆ. ಸಂಜೆ ಬಂದಾಗ ಯಾಕೆ ಇರಲಿಲ್ಲ ಎಂದು ಕೇಳಿಕೊಳ್ಳಲಿಲ್ಲ.

ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ ವಾಲಿ ನಿಂತಿತ್ತು.

ಮಂಡಿಯೂರಿ ಬಲಗಡೆಯ ನಟ್ಟಿಗೆ ಬೆರಳು ಹಾಕಿದೆ. ಸುಲಭವಾಗಿ ತಿರುಗಿತು, ನಾನು ಬಿಟ್ಟ ಹಾಗೆಯೇ. ಸುತ್ತಿ ಬಂದು ಎಡಗಡೆಯದನ್ನು ಮುಟ್ಟಿದೆ...

ಕಲ್ಲಿನ ಹಾಗೆ ಬಿಗಿ.

"ಬಿಗಿ ಮಾಡಿದೇನು?"

ಬೆಚ್ಚಿಬಿದ್ದೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಹೂಂ ಅಕ್ಕಾ. ಎಡಗಡೀದು ಆಗೈತಿ."

"ನೀನೇ?"

ಒಂದೇ ಶಬ್ದ. ಅದಕ್ಕೆ ನನ್ನ ಬಳಿ ಒಂದೇ ಉತ್ತರವಿತ್ತು, ಅದನ್ನೇ ಕೊಟ್ಟೆ. "ನಾನೇ."

"ಹಂಗಾದ್ರ ಬಿಚ್ಚು. ನನ್ನ ಮುಂದ ಬಿಚ್ಚಿ, ಮತ್ತ ಬಿಗಿ ಮಾಡು. ನಾಳೆ ಆ ಹುಡುಗ ಇದರ ಮ್ಯಾಲೆ ಹೋಗ್ತಾನ."

ಪಾನ ಕೂರಿಸಿ ಒತ್ತಿದೆ. ಅಲ್ಲಾಡಲಿಲ್ಲ. ಎದ್ದು ನಿಂತು ಮೈಭಾರವನ್ನೆಲ್ಲ ಹಾಕಿದೆ. ಪಾನ ಜಾರಿ ಗೆಣ್ಣಿನ ಚರ್ಮ ಕಿತ್ತುಹೋಯಿತು, ರಕ್ತ ಬಂತು. ನಟ್ಟು ಕೂದಲೆಳೆಯಷ್ಟೂ ಕದಲಲಿಲ್ಲ. ನನ್ನ ಕೈಯ ಬಲ ಎಷ್ಟೆಂದು ನನಗೆ ಗೊತ್ತು. ಅದು ನನ್ನ ಬಿಗಿಯಲ್ಲ. ಅಥವಾ, ಭಯದಲ್ಲಿ ಮನುಷ್ಯನಿಗೆ ಎಷ್ಟು ಬಲ ಬರುತ್ತದೆಂದು ನನಗೆ ಗೊತ್ತಿಲ್ಲ.

ಅಕ್ಕ ಕೆಳಗೆ ಕೂತಳು. ನಟ್ಟಿನ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಅವರು ನಲ್ಲಿ ಬಂದ್ ಮಾಡಿದ್ರೂ ಹಿಂಗ ಇರ್ತಿತ್ತು," ಎಂದಳು. "ನನಗ ಬಿಚ್ಚಾಕ ಬರ್ತಿದ್ದಿಲ್ಲ. ಬೈತಿದ್ದೆ."

ನಂತರ ಕಂದೀಲನ್ನು ಬಲಗಡೆಗೆ ಹಿಡಿದಳು.

"ಈ ಕಡೀದು ನೀ ಬಿಗಿ ಮಾಡು. ನಾ ನೋಡ್ತೀನಿ."

ನೋಡಿದಳು. ಪಾನದ ಒಂದೊಂದು ತಿರುವನ್ನೂ ನೋಡಿದಳು. ರೆಪ್ಪೆ ಬಡಿಯದೆ, ಅಂಗಡಿಯಲ್ಲಿ ಗುರುತಿಲ್ಲದವನ ತಕ್ಕಡಿ ನೋಡುವ ಹಾಗೆ. ಅವಳಿಗಿಂತ ಎಂಟು ವರ್ಷ ಚಿಕ್ಕವನು ನಾನು. ನನಗೆ ಅಕ್ಷರ ತಿದ್ದಿಸಿದವಳು ಅವಳು.

ಬಸವರಾಜ ಮರುದಿನ ಹಡಗಲಿಗೆ ಹೋಗಿ ಬಂದ. ಆಮೇಲೂ ಎಷ್ಟೋ ವರ್ಷ ಆ ಗಾಡಿ ಓಡಿಸಿದ. ಏನೂ ಆಗಲಿಲ್ಲ. ಅಕ್ಕ ಆ ರಾತ್ರಿಯ ಬಗ್ಗೆ ಯಾರ ಮುಂದೆಯೂ ಬಾಯಿಬಿಡಲಿಲ್ಲ. ನನ್ನ ಜೊತೆ ಚೆನ್ನಾಗಿಯೇ ಇದ್ದಾಳೆ. ಹಬ್ಬಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ, ಮಕ್ಕಳನ್ನು ವಿಚಾರಿಸುತ್ತಾಳೆ. ಬೀಗರನ್ನು ವಿಚಾರಿಸಿದಂತೆ.

ಇತ್ತೀಚೆಗೆ ಧೈರ್ಯ ಮಾಡಿ ಕೇಳಿದೆ.

"ಅಕ್ಕಾ, ಅವತ್ತು ಅಡಗಿಮನಿಗೆ ಬಂದಾಗ ನನ್ನ ಕೈಯಾಗ ಪಾನ ಇತ್ತಲ್ಲ?"

"ಇಲ್ಲ. ಖಾಲಿ ಕೈಲೆ ಬಂದಿದ್ದಿ."

"ಸದ್ದು ಕೇಳಿಸ್ತಲ್ಲ ಹಿಂದಿಂದ? ನೀ ಕಡ್ಡಿ ಹಿಡ್ಕೊಂಡು ನಿಂತಿದ್ದಿ..."

"ಯಾವ ಸದ್ದು?" ಎಂದಳು. ಮುಖದಲ್ಲಿ ಏನೂ ಇರಲಿಲ್ಲ.

ಇಲ್ಲಿಗೆ ಬಂದು ನಿಂತಿದ್ದೇನೆ. ಲೆಕ್ಕ ಬಹಳ ಸರಳ. ಸತ್ತವರು ಬರುವುದಿಲ್ಲ ಎಂದರೆ, ಆ ರಾತ್ರಿ ಗಾಡಿ ಇಳಿಸಿದ್ದು ನಾನೇ, ಎಡಗಡೆ ಬಿಗಿ ಮಾಡಿದ್ದು ನಾನೇ. ಬಲಗಡೆಗೆ ಹೋಗುವ ಮೊದಲು ಕರೆಂಟು ಹೋಯಿತು, ನಾನು ಮರೆತೆ. ಅಂದರೆ ಮಾಡಿದ್ದನ್ನು ಮರೆಯುವ ಜಾತಿಯವನು ನಾನು. ಹಾಗಾದರೆ ಮೊದಲನೆಯ ಸಂಜೆಯೂ ಮಾಡಿಯೇ ಮರೆತಿರಬಹುದು. ಅಕ್ಕನಿಗೆ ಹೇಳಿದ್ದು ನಿಜವೇ ಇರಬಹುದು.

ಬರುತ್ತಾರೆ ಎಂದರೆ, ಮಾಮ ಅಷ್ಟು ದೂರದಿಂದ ಎದ್ದು ಬಂದು, ಎರಡರಲ್ಲಿ ಅವತ್ತು ಕಳಚಿದ್ದ ಎಡಗಡೆಯದನ್ನೇ ಆರಿಸಿ, ತಮ್ಮನಿಗಾಗಿ ತಾವೇ ಬಿಗಿ ಮಾಡಿ ಹೋದದ್ದು ಯಾಕೆ ಎಂದು ನಾನು ಯಾರನ್ನೂ ಕೇಳಬೇಕಿಲ್ಲ.

ಇದನ್ನು ಓದಿದವರು ಮುಂದೆಂದಾದರೂ ಸಿಕ್ಕಿ, ದೆವ್ವ ನಂಬುತ್ತೀರಾ ಸಾರ್ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಇವರು ವಿದ್ಯಾವಂತರು, ಮೂಢನಂಬಿಕೆ ಇಲ್ಲ ಎಂದುಕೊಂಡು ಹೋಗುತ್ತಾರೆ.

ನಂಬದೇ ಇರುವುದರಲ್ಲಿ ನನಗೆಷ್ಟು ಲಾಭವಿದೆ ಎಂದು ಅವರಿಗೇನು ಗೊತ್ತು...