ದಾವೀದನ ಮನೆಯ ಮುದ್ರೆ

ಯೆಹೂದ ನಾಡಿನ ಮಿಚ್ಪ ಊರಿನ ಕುಂಬಾರಗೇರಿಯ ಹೆಲಾಳಿಗೆ ಬುದ್ಧಿ ಬಂದಾಗಿನಿಂದ ಒಂದೇ ಕೆಲಸ. ತಿಗರಿಯಿಂದ ಇಳಿದ ಹರವಿಗೆ ಹಿಡಿ ಅಂಟಿಸಬೇಕು, ಹಸಿ ಹಿಡಿಯ ಮೇಲೆ ಕಲ್ಲಿನ ಮುದ್ರೆ ಒತ್ತಬೇಕು. ಮೊದಲು ಅಪ್ಪನ ತಿಗರಿ, ಆಮೇಲೆ ಗಂಡ ಶೋಬಾಲನದು. ಮುದ್ರೆ ಮಾತ್ರ ಅದೇ: ‘ದಾವೀದನ ಮನೆಯದು’. ಅರಮನೆಗೆ ಹೋಗುವ ದ್ರಾಕ್ಷಾರಸಕ್ಕೆಲ್ಲ ಅದೇ ಗುರುತು. ಹೆಲಾಳಿಗೆ ಓದು ಬಾರದು. ಆದರೆ ಕತ್ತಲಲ್ಲಿ ಕೊಟ್ಟರೂ ಬೆರಳಿಗೆ ಆ ಅಕ್ಷರ ಗೊತ್ತು.

ಅಪ್ಪ ಮಣ್ಣು ತುಳಿಯುತ್ತ ಹೇಳುತ್ತಿದ್ದ: “ನಮ್ಮ ಅರಸರ ಮೂಲಪುರುಷ ದಾವೀದ ದೇವರಿಗೆ ಮನೆ ಕಟ್ಟಿಸ್ತೀನಿ ಅಂತ ಹೊರಟನಂತೆ ಮಗಾ. ದೇವರು ನಕ್ಕುಬಿಟ್ಟ. ನೀನು ನಂಗೆ ಕಟ್ಟೋದು ಹಾಗಿರಲಿ, ನಾನೇ ನಿಂಗೆ ಮನೆ ಕಟ್ತೀನಿ, ನಿನ್ನ ವಂಶ ಸಿಂಹಾಸನ ಬಿಟ್ಟು ಇಳಿಯೋ ಮಾತೇ ಇಲ್ಲ ಅಂದ. ನಿನ್ನ ಮಕ್ಕಳು ತಪ್ಪು ಮಾಡಿದ್ರೆ ಬೆತ್ತದಲ್ಲಿ ಬಾರಿಸ್ತೀನಿ, ಕೈ ಮಾತ್ರ ಬಿಡಲ್ಲ ಅಂದ.”

ಆಮೇಲೆ ಬಾಬೆಲಿನ ದಂಡು ಬಂತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ರಾಜಧಾನಿ ಯೆರೂಸಲೇಮಿನ ಗತಿ ಹಾಗೇ ಆಯಿತು. ದೇವರ ಗುಡಿ ಸುಟ್ಟರು. ದಾವೀದನ ವಂಶದ ಅರಸನ ಕಣ್ಣೆದುರಿಗೇ ಅವನ ಮಕ್ಕಳನ್ನು ಕೊಂದರು. ಆಮೇಲೆ ಆ ಕಣ್ಣನ್ನೂ ಕಿತ್ತು, ಸರಪಳಿ ಬಿಗಿದು ಎಳೆದುಕೊಂಡು ಹೋದರು. ಅಯ್ಯೋ, ಇದೆಂಥ ಬೆತ್ತ! ಬಾರಿಸ್ತೀನಿ ಅಂದಿದ್ದು ನಿಜ, ಕಣ್ಣು ಕೀಳಿಸ್ತೀನಿ ಅಂತ ಎಲ್ಲಿ ಅಂದಿದ್ದ? ಹಾಗಾದರೆ ದೇವರು ಕೊಟ್ಟ ಮಾತು ತಪ್ಪಿದನೇ? ತಪ್ಪುವವನು ದೇವರು ಹೇಗಾದಾನು? ಎಷ್ಟು ಯೋಚಿಸಿದರೂ ಹೆಲಾಳಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಈಗ ಮಿಚ್ಪದಲ್ಲಿ ಬಾಬೆಲಿನವರು ಇಟ್ಟ ಅಧಿಪತಿಯ ಕಾರುಬಾರು. ಅವನ ಕಡೆಯಿಂದ ಪೆಲಟ್ಯ ಬಂದ. ಅವನೂ ಯೆಹೂದದವನೇ, ಹಿಂದೆ ಅರಸನ ಉಗ್ರಾಣದಲ್ಲಿ ಇವರದೇ ಹರವಿಗಳನ್ನು ಇಳಿಸಿಕೊಳ್ಳುತ್ತಿದ್ದವನು. ಸಿಂಹದ ಚಿತ್ರದ ಹೊಸ ಮುದ್ರೆ ಕೊಟ್ಟು, “ಇನ್ನು ಇದೇ. ಹಳೇದು ಯಾರ ಮನೇಲಿ ಸಿಕ್ಕಿದ್ರೂ ಅವರ ತಲೆ ಉಳಿಯಲ್ಲ, ಇವತ್ತೇ ಒಡೆದು ಹಾಕಿ,” ಎಂದು ಹೋದ.

“ಒಡೆದ್ಯೇನೇ?” ಎಂದು ಶೋಬಾಲ ಸಂಜೆ ಕೇಳಿದ.

“ಹ್ಞೂಂ,” ಅಂದಳು ಹೆಲಾ. ಮುದ್ರೆ ಅವಳ ಸೊಂಟದ ಗಂಟಿನಲ್ಲೇ ಇತ್ತು.

ಎಡವಟ್ಟಾದದ್ದು ಅಲ್ಲೇ. ದ್ರಾಕ್ಷಿ ಸುಗ್ಗಿಗೆ ಹರವಿ ತಯಾರಾಗುತ್ತಿದ್ದವು. ಸಿಂಹ ಒತ್ತುತ್ತ ಒತ್ತುತ್ತ ಹೆಲಾ ಮನಸ್ಸಿನಲ್ಲಿ ದೇವರ ಜೊತೆ ಜಗಳಕ್ಕೆ ಬಿದ್ದಳು. ಮನಸ್ಸು ಜಗಳದಲ್ಲಿದ್ದಾಗ ಕೈ ತನ್ನ ಹಳೇ ದಾರಿ ಹಿಡಿದು ಸೊಂಟಕ್ಕೆ ಹೋಯಿತು, ಹಳೇ ಮುದ್ರೆ ತೆಗೆದು ಒಂದು ಹರವಿಗೆ ಒತ್ತಿತು, ಮತ್ತೆ ಗಂಟಿಗೆ ಸೇರಿಸಿತು. ಅವಳಿಗೆ ಗೊತ್ತೇ ಆಗಲಿಲ್ಲ.

ಹರವಿ ಸುಟ್ಟ ಆವಿಗೆ ಬಿಚ್ಚಿದ ಬೆಳಿಗ್ಗೆ ಪೆಲಟ್ಯ ಹಾಜರ್. ಬಾಬೆಲಿನ ಸಿಪಾಯಿಗಳು ಕತ್ತೆ ಹಿಡಿದುಕೊಂಡು ಬೇಲಿಯಾಚೆ ನಿಂತಿದ್ದರು. ಹರವಿಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದ ಪೆಲಟ್ಯನ ಕೈ ಒಂದರ ಮೇಲೆ ನಿಂತಿತು.

“ಹೆಲಕ್ಕಾ, ಏನಿದು?”

ಶೋಬಾಲ ಬಗ್ಗಿ ನೋಡಿ ತಲೆ ಮೇಲೆ ಕೈ ಹೊತ್ತ. “ಮನೆಹಾಳಿ! ಒಡೆದೆ ಅಂದ್ಯಲ್ಲೇ!”

“ಮೆತ್ತಗೆ ಮಾತಾಡು ಮಾರಾಯ,” ಪೆಲಟ್ಯ ಹಲ್ಲು ಕಚ್ಚಿದ. “ಅಕ್ಕಾ, ಈ ಹರವಿ ಒಡಿ. ಮುದ್ರೆನೂ ಒಡಿ, ನನ್ನ ಕಣ್ಣೆದುರಿಗೇ. ನಾನೇನೂ ನೋಡಿಲ್ಲ ಅಂತೀನಿ.”

ಹರವಿ ಒಂದೇ ಏಟಿಗೆ ಹೋಯಿತು. ಮುದ್ರೆಯನ್ನು ಚಪ್ಪಡಿಯ ಮೇಲಿಟ್ಟು ಸುತ್ತಿಗೆ ಎತ್ತಿದ ಹೆಲಾಳ ಕೈ ಅಲ್ಲೇ ನಿಂತಿತು.

“ಇದನ್ನ ಒಡೆದ್ರೆ ದೇವರ ಮಾತನ್ನೇ ಒಡೆದ ಹಾಗಾಗಲ್ವೇನಪ್ಪಾ?”

“ದೇವರೇ ಒಡೆದಾಯ್ತಲ್ಲೇ, ನಿಂದೇನು ಹೊಸದು!” ಶೋಬಾಲ ಅಳುವ ದನಿಯಲ್ಲಿ ಗದರಿದ. “ಹೊಡಿಯೇ!”

ಅವನ ಮಾತು ನಿಜವಾದರೆ ಈ ಕಲ್ಲು ಇಟ್ಟುಕೊಂಡು ಏನು ಬಂತು? ಅಪ್ಪನ ಮಾತು ನಿಜವಾದರೆ ಒಂದು ಕಲ್ಲು ಒಡೆದರೆ ಏನು ಹೋಯಿತು? ಎರಡರಲ್ಲೂ ಒಡೆಯುವುದೇ ಸರಿ. ಮತ್ತೆ ಎತ್ತಿದ ಕೈ ಯಾಕೆ ಇಳಿಯುತ್ತಿಲ್ಲ? ಬೇಲಿಯಾಚೆ ಸಿಪಾಯಿಯೊಬ್ಬ ಏನೋ ಕೂಗಿದ. ಹೆಲಾ ಗಂಡನ ಮುಖ ನೋಡಿದಳು. ಕಣ್ಣು ಮುಚ್ಚಿ ಹೊಡೆದೇಬಿಟ್ಟಳು.

ಮುದ್ರೆ ಮೂರು ಚೂರಾಯಿತು. ಅವಳು ಅಲ್ಲೇ ಕುಸಿದು ಕುಳಿತು ಅತ್ತಳು. ಕಣ್ಣೊರೆಸಿಕೊಂಡು ನೋಡಿದರೆ ಪೆಲಟ್ಯ ಮಂಡಿಯೂರಿ, ಆ ಚೂರುಗಳನ್ನು ಒಂದೊಂದಾಗಿ ಆಯ್ದು ಊದಿ, ತನ್ನ ಬಟ್ಟೆಯ ಅಂಚಿಗೆ ಗಂಟು ಹಾಕಿಕೊಳ್ಳುತ್ತಿದ್ದ.

“ಸಿಕ್ಕಿದ್ರೆ ತಲೆ ಉಳಿಯಲ್ಲ ಅಂದವನು ನೀನೇ ಅಲ್ವೇನೋ?” ಅಂದಳು ಹೆಲಾ.

“ಹೌದು.”

“ಮತ್ತೆ ಯಾಕೋ ತಮ್ಮಾ?”

ಪೆಲಟ್ಯ ಬೇಲಿಯ ಕಡೆ ನೋಡಿದ, ಗಂಟಿನ ಕಡೆ ನೋಡಿದ. “ಗೊತ್ತಿಲ್ಲ ಕಣಕ್ಕಾ.”

ಹೆಲಾ ಮಣ್ಣು ಮೆತ್ತಿದ ಅಂಗೈ ಚಾಚಿದಳು. “ಹಾಗಾದ್ರೆ ನಂಗೂ ಒಂದು ಚೂರು ಬಿಟ್ಟು ಹೋಗು.”

ಅವನು ಗಂಟು ಬಿಚ್ಚಿ ಕೊಟ್ಟ. ಶೋಬಾಲ ಹರವಿಗಳನ್ನು ಕತ್ತೆಗೆ ಹೇರಲು ಹೋದ.